215 ಪಾಯಿಂಟೂ ಆರಿದ ಉಪ್ಪಿಟ್ಟೂ

ಎಡ್ಮಂಟನ್ನಿನ ಚಳಿಗಾಲದಲ್ಲಿ ನಮ್ಮ ಮನೆಯ ಜಗಳಕ್ಕೆ ಎರಡೇ ಕಾರಣ. ಒಂದು, ಹೀಟರ್ ಎಷ್ಟಕ್ಕಿಡಬೇಕು ಎನ್ನುವುದು. ಅದು ಅತ್ತೆಯವರ ಇಲಾಖೆ, ಅಲ್ಲಿ ಅಪೀಲಿಲ್ಲ. ಇನ್ನೊಂದು, ಐಸ್ ಹಾಕಿಯಲ್ಲಿ ಒಬ್ಬನೇ ಆಟಗಾರ ಮೆರೆದ ಅತಿ ದೊಡ್ಡ ಸೀಸನ್ ಯಾವುದು ಎನ್ನುವುದು.

ನಮ್ಮವರಿಗೆ ಅನುಮಾನವೇ ಇಲ್ಲ. ಪಿ.ಆರ್. ಕಾರ್ಡ್ ಕೈಗೆ ಬರುವ ಮೊದಲೇ ಈ ಊರಿನ ಆಯಿಲರ್ಸ್ ತಂಡದ ಭಕ್ತರಾದವರು ಅವರು. 1985-86, ವೇಯ್ನ್ ಗ್ರೆಟ್ಸ್ಕಿ, 80 ಪಂದ್ಯಕ್ಕೆ 215 ಪಾಯಿಂಟ್: 52 ಗೋಲು, 163 ಅಸಿಸ್ಟ್. "ಗೋಲೆಲ್ಲ ಕಿತ್ತು ಬಿಸಾಕು, ಬರೀ ಅಸಿಸ್ಟಲ್ಲೇ ಅವನು ಫಸ್ಟು. ಎರಡನೆಯವನಿಗೆ ಬಂದಿದ್ದು ಒಟ್ಟು 141!" ಎಂದು ಚಟ್ನಿಪುಡಿ ಡಬ್ಬಿ ಕುಟ್ಟುತ್ತಾರೆ.

ಅಸಿಸ್ಟ್ ಅಂದರೇನು ಎಂದರು ಅತ್ತೆ. ಗೋಲು ಹೊಡೆದವನಿಗೆ ಪಕ್ ದಾಟಿಸಿದವನಿಗೂ ಒಂದು ಪಾಯಿಂಟ್, ಅವನಿಗೆ ಕೊಟ್ಟವನಿಗೂ ಒಂದು ಎಂದೆ.

"ಅಂದ್ರೆ ಉಂಡವರಿಗೆಷ್ಟೋ ಬಡಿಸಿದವರಿಗೂ ಅಷ್ಟೇ, ತರಕಾರಿ ಹೆಚ್ಚಿಕೊಟ್ಟವರಿಗೂ ಅಷ್ಟೇ ಅನ್ನು. ಈ ರೂಲ್ಸು ನಮ್ಮನೆಗೆ ಯಾವಾಗ ಬರುತ್ತೆ?" ಎಂದು ಮಾವನವರತ್ತ ನೋಡಿದರು. ಮಾವನವರು ಕಿಟಕಿಯಾಚೆ ಹಿಮ ನೋಡತೊಡಗಿದರು.

ಇಲ್ಲೇ ಹುಟ್ಟಿದ ಮಗನದು ಬೇರೆ ಲೆಕ್ಕ. ಎಂಬತ್ತರ ದಶಕದ ಆರಂಭದಲ್ಲಿ ಎರಡೂ ತಂಡ ಸೇರಿ ಪಂದ್ಯಕ್ಕೆ ಸರಾಸರಿ ಎಂಟು ಗೋಲು ಬೀಳುತ್ತಿದ್ದವು, ಗೋಲ್‌ಕೀಪರುಗಳ ಪ್ಯಾಡು ಇಷ್ಟಿಷ್ಟೇ. ಪಂದ್ಯಕ್ಕೆ ಆರು ಚಿಲ್ಲರೆ ಗೋಲಿನ 2022-23ರಲ್ಲಿ ಕಾನರ್ ಮೆಕ್‌ಡೇವಿಡ್ ಗಳಿಸಿದ 153 ಪಾಯಿಂಟೇ ತೂಕದ್ದಂತೆ. ಅವನೂ ಆಯಿಲರ್ಸಿನವನೇ ಆದ್ದರಿಂದ ದ್ರೋಹದ ಆಪಾದನೆ ಬರಲಿಲ್ಲ. ಆದರೂ ನಮ್ಮವರು ಸುಮ್ಮನಿರಬೇಕಲ್ಲ. 1981-82ರಲ್ಲಿ ಗ್ರೆಟ್ಸ್ಕಿ 39 ಪಂದ್ಯಕ್ಕೇ 50 ಗೋಲು ಮುಟ್ಟಿದ್ದನ್ನು ತೆಗೆದರು.

"ಅಪ್ಪಾ, ಐವತ್ತನೇದು ಹೊಡೆದಿದ್ದು ಖಾಲಿ ನೆಟ್ಟಿಗೆ."

"ನೆಟ್ಟು ಖಾಲಿ ಇದೆ ಅಂತ ಬಿಟ್ಟು ಬರಬೇಕಿತ್ತೇನೋ?"

ಉಪ್ಪಿಟ್ಟು ಆರುತ್ತಿತ್ತು. ಭದ್ರಾವತಿಯವರಾದ ಮಾವನವರು, "ಅಂಕಿ ನೋಡಬೇಡ್ರೋ, ಸಂದರ್ಭ ನೋಡ್ರೋ" ಎಂದು ಹಾಕಿ ಬಿಟ್ಟು ಕ್ರಿಕೆಟ್ಟಿಗೆ, ನೇರ 1975ರ ಮದ್ರಾಸ್ ಟೆಸ್ಟಿಗೆ ಹೊರಟರು. ಆಂಡಿ ರಾಬರ್ಟ್ಸ್ ಬೌಲಿಂಗಿಗೆ ಇಡೀ ಭಾರತ 190ಕ್ಕೆ ಮುಗಿದಾಗ ಅವರೂರಿನ ವಿಶ್ವನಾಥ್ ಔಟಾಗದೆ 97! ಅಲ್ಲಿಂದ ವಾಪಸು ಕರೆತಂದು ಮೊಮ್ಮಗ ದಾಖಲೆಗಳ ಪಟ್ಟಿ ತೋರಿಸಿದ ಮೇಲೆ ಬಾಸ್ಟನ್‌ನ ಬಾಬಿ ಆರ್‌ಗೆ ಓಟು ಹಾಕಿದರು. 1970-71ರಲ್ಲಿ ಡಿಫೆನ್ಸ್ ಆಟಗಾರನಾಗಿದ್ದೂ 139 ಪಾಯಿಂಟ್, ಜೊತೆಗೆ ಪ್ಲಸ್ 124. ಎದುರಾಳಿ ಕಡೆ ಆಟಗಾರರು ಕಡಿಮೆಯಿದ್ದಾಗ ಹೊಡೆಯುವ ಪವರ್ ಪ್ಲೇ ಗೋಲು ಬಿಟ್ಟು, ಅವನು ಐಸ್ ಮೇಲಿದ್ದಾಗ ತಂಡ ಹೊಡೆದದ್ದು ತಿಂದದ್ದಕ್ಕಿಂತ ಅಷ್ಟು ಹೆಚ್ಚು. ತಳ್ಳಿಹಾಕುವಂಥ ಆಯ್ಕೆಯಲ್ಲ.

ಅತ್ತೆಯವರ ಮನಸ್ಸು ಕರಗಿದ್ದು ಪಿಟ್ಸ್‌ಬರ್ಗಿನ ಮಾರಿಯೋ ಲೆಮ್ಯೂಗೆ. 1993ರ ಜನವರಿಯಲ್ಲಿ ಅವನಿಗೆ ಹಾಜ್‌ಕಿನ್ ಕ್ಯಾನ್ಸರ್ ಎಂದು ಗೊತ್ತಾಯಿತು. ಮಾರ್ಚ್ 2ರಂದು ಕೊನೆಯ ರೇಡಿಯೇಷನ್ ಮುಗಿಸಿ, ಅಂದೇ ಫಿಲಡೆಲ್ಫಿಯಾಕ್ಕೆ ಹಾರಿ, ರಾತ್ರಿ ಒಂದು ಗೋಲು, ಒಂದು ಅಸಿಸ್ಟ್. ಎದುರಾಳಿ ಊರಿನ ಜನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಸೀಸನ್‌ನಲ್ಲಿ ಆಡಿದ್ದು 60 ಪಂದ್ಯ, ಗಳಿಸಿದ್ದು 160 ಪಾಯಿಂಟ್. 84 ಪಂದ್ಯ ಆಡಿದ ಪ್ಯಾಟ್ ಲಾಫಾಂಟೇನ್ 148ರಲ್ಲೇ ಉಳಿದ.

"ರೇಡಿಯೇಷನ್ ಮುಗಿಸಿ ಅವತ್ತೇ ಆಟವಾ! ಮನೇಲಿ ಹೇಳೋರು ಕೇಳೋರು ಇರಲಿಲ್ವಾ?"

"ಅಜ್ಜೀ, ಅವನು ಚಿಕ್ಕವನಿದ್ದಾಗ ಮನೆಯವರೇ ಹಾಲ್ ತುಂಬ ಹಿಮ ಸುರಿದು ಮಕ್ಕಳಿಗೆ ಸ್ಕೇಟಿಂಗ್ ಮಾಡಿಸ್ತಿದ್ರಂತೆ."

ಅತ್ತೆ ನಮ್ಮ ಹೊಸ ಕಾರ್ಪೆಟ್ ನೋಡಿದರು, ಮೊಮ್ಮಗನನ್ನು ನೋಡಿದರು, ಎದ್ದು ಹೋಗಿ ಹಿತ್ತಲ ಬಾಗಿಲ ಚಿಲಕ ಹಾಕಿ ಬಂದರು.

ನನ್ನ ಓಟೂ ಲೆಮ್ಯೂಗೇ. ಪಂದ್ಯಕ್ಕೆ ಭಾಗಿಸಿ ನೋಡಿ: ಗ್ರೆಟ್ಸ್ಕಿಗೆ 2.69, ಇವನಿಗೆ 2.67. ಇವನು ನಡುವೆ ಕ್ಯಾನ್ಸರ್ ಚಿಕಿತ್ಸೆಯನ್ನೂ ಮುಗಿಸಿ ಬಂದವನು. ಒಪ್ಪದವರು ಧಾರಾಳವಾಗಿ ನಮ್ಮನೆಗೆ ವಾದಕ್ಕೆ ಬನ್ನಿ, ಆದರೆ ಊಟ ಮುಗಿಸಿಕೊಂಡೇ ಬನ್ನಿ.