ಬ್ಲಾಗಿಗರ ಸ್ವಯಂ ನೀತಿಸಂಹಿತೆ: ಜೋಡಣೆ ಮತ್ತು ಬಳಕೆಯ ಕೈಪಿಡಿ

ನಮ್ಮ ನೀತಿಸಂಹಿತೆಯನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಚಾಲೂ ಮಾಡುವ ಮೊದಲು ಕೈಪಿಡಿಯನ್ನು ಪೂರ್ತಿ ಓದಿ. ಓದದೆಯೂ ಸಹಿ ಹಾಕಬಹುದು. ಅದರಿಂದ ಸಾಧನದ ಕಾರ್ಯಕ್ಷಮತೆಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಬೇಕಾಗುವ ಸಾಮಗ್ರಿ

ಒಂದು ಅನಾಹುತ. ಇದಿಲ್ಲದೆ ನೀತಿಸಂಹಿತೆ ಕುದುರುವುದಿಲ್ಲ. 2003ರಲ್ಲೇ ಅಮೆರಿಕದ ಸೈಬರ್‌ಜರ್ನಲಿಸ್ಟ್ ಎಂಬ ತಾಣ, ಪತ್ರಕರ್ತರ ಸಂಘದ ಸಂಹಿತೆಯನ್ನು ಬ್ಲಾಗಿಗರ ಅಳತೆಗೆ ಕತ್ತರಿಸಿ ಹೊಲಿದುಕೊಟ್ಟಿತ್ತು. ಒಳ್ಳೆಯ ಬಟ್ಟೆಯೇ. ಆದರೆ ಊರಲ್ಲಿ ಜಾತ್ರೆ ಇರಲಿಲ್ಲ, ತೊಡುವ ಆತುರ ಯಾರಿಗೂ ಬರಲಿಲ್ಲ.

ಅನಾಹುತ ಸಿಕ್ಕಿದ್ದು 2007ರ ಮಾರ್ಚ್‌ನಲ್ಲಿ. ಕ್ಯಾಥಿ ಸಿಯೆರಾ 'ಹೆಡ್ ಫಸ್ಟ್ ಜಾವಾ' ಪುಸ್ತಕದ ಲೇಖಕರಲ್ಲೊಬ್ಬರು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯಲ್ಲಿ ಆ ದಪ್ಪ ಪುಸ್ತಕ ಹಿಡಿದೇ ಜಾವಾ ಕಲಿತವರು ಬೇಕಾದಷ್ಟಿದ್ದಾರೆ. ಆಕೆಯ ಬ್ಲಾಗಿನ ವಿಷಯ, ಬಳಸುವವರು ಮೆಚ್ಚುವಂಥ ತಂತ್ರಾಂಶ ಮಾಡುವುದು ಹೇಗೆ ಎಂಬುದು. ರಾಜಕೀಯವಿಲ್ಲ, ಧರ್ಮವಿಲ್ಲ. ಅಂಥವರಿಗೆ ಕೊಲೆ ಬೆದರಿಕೆ ಬಂತು. ಬೇರೊಂದು ತಾಣದಲ್ಲಿ ಆಕೆಯ ಫೋಟೋ ಪಕ್ಕ ನೇಣಿನ ಕುಣಿಕೆ ಕಾಣಿಸಿತು. ಸ್ಯಾನ್ ಡಿಯಾಗೊದ ಸಮ್ಮೇಳನದಲ್ಲಿ ಆಗಬೇಕಿದ್ದ ಭಾಷಣ ರದ್ದು ಮಾಡಿ ಮನೆಯ ಬಾಗಿಲು ಹಾಕಿಕೊಂಡರು. ಸಮ್ಮೇಳನ ಟಿಮ್ ಓ'ರೈಲಿಯವರ ಸಂಸ್ಥೆಯದು. ಪುಸ್ತಕದ ಪ್ರಕಾಶಕರೂ ಅವರೇ.

ಜೋಡಣೆ

ಅನಾಹುತ ಬಿಸಿಯಾಗಿರುವಾಗಲೇ ಅಂಶಗಳ ಪಟ್ಟಿ ಮಾಡಿ. ಮಾರ್ಚ್ 31ಕ್ಕೆ ಓ'ರೈಲಿ ಏಳು ಅಂಶ ಮುಂದಿಟ್ಟರು. ನಿಮ್ಮ ಜಗಲಿಯಲ್ಲಿ ಬೇರೆಯವರು ಆಡಿದ ಮಾತಿಗೂ ನೀವೇ ಹೊಣೆ ಎಂಬುದು ಅದರಲ್ಲಿ ಗಟ್ಟಿಯಾದದ್ದು. ಮುಖಾಮುಖಿ ಹೇಳಲಾಗದ್ದನ್ನು ಜಾಲದಲ್ಲೂ ಹೇಳಬೇಡಿ ಎಂಬುದು ಕೇಳಲು ಇಂಪಾದದ್ದು. (ಮುಖಾಮುಖಿ ಕೂತಾಗ ಮನುಷ್ಯರು ಮೆತ್ತಗೆ ಮಾತಾಡುತ್ತಾರೆ ಎಂದು ಇದನ್ನು ಬರೆದವರು ನಂಬಿದ್ದರು. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸಭೆಗೆ ಅವರನ್ನು ಯಾರೂ ಕರೆದಿರಲಿಕ್ಕಿಲ್ಲ.)

ಈಗ ವಿಕಿಪೀಡಿಯದ ಜಿಮ್ಮಿ ವೇಲ್ಸ್‌ರಂಥ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಕರಡನ್ನು ವಿಕಿಯಲ್ಲಿ ಹರವಿ, ಬಂದವರೆಲ್ಲ ತಿದ್ದಲಿ. ಶಿಸ್ತಿನ ನಿಯಮ ಬರೆಯಲು ಇದಕ್ಕಿಂತ ಶಿಸ್ತಿಲ್ಲದ ವಿಧಾನ ಇನ್ನೂ ಬಂದಿಲ್ಲ.

ಯಾವುದನ್ನು ಅಳಿಸಬಹುದು ಎಂಬ ಪಟ್ಟಿ ಉದ್ದವಾಗಿರಲಿ. ಏಪ್ರಿಲ್ ಕರಡಿನಲ್ಲಿ ಬೆದರಿಕೆ, ಬೆನ್ನುಹತ್ತಿ ಕಾಡುವುದು, ಮಾನಹಾನಿ, ಖಾಸಗಿತನದ ಉಲ್ಲಂಘನೆ, ಹಕ್ಕುಸ್ವಾಮ್ಯದ ಉಲ್ಲಂಘನೆ ಎಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದವು. ಕೊಲ್ಲುತ್ತೇನೆ ಎಂದವನಿಗೂ ಚಿತ್ರ ಕದ್ದು ಹಾಕಿದವನಿಗೂ ಒಂದೇ ಎಲೆ.

ನಂತರ ಅನಾಮಧೇಯರನ್ನು, ಅಂದರೆ ಮಿಂಚಂಚೆ ವಿಳಾಸ ಕೊಡದವರನ್ನು, ಹೊರಗಿಡಿ. ಇಲ್ಲಿ ಸ್ವಲ್ಪ ಒತ್ತಿ ಹಿಡಿಯಬೇಕು, ಭಾಗ ಸುಲಭಕ್ಕೆ ಕೂರುವುದಿಲ್ಲ. ಅಮೆರಿಕದ ಸಂವಿಧಾನವನ್ನು ಜನ ಒಪ್ಪಲಿ ಎಂದು 1787–88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ಬರೆದ ಲೇಖನಗಳ ಕೆಳಗೆ ಇದ್ದ ಹೆಸರು 'ಪಬ್ಲಿಯಸ್'. ಈ ಸಂಹಿತೆ ಆಗ ಇದ್ದಿದ್ದರೆ ಅವರ ಮಿಂಚಂಚೆ ವಿಳಾಸ ಕೇಳಬೇಕಾಗುತ್ತಿತ್ತು. ದುಡ್ಡು ನುಂಗಿದ ಮೇಲಧಿಕಾರಿಯ ಬಗ್ಗೆ ಬರೆಯುವ ಗುಮಾಸ್ತನೂ ಇದೇ ಬಾಗಿಲಿನಿಂದ ಹೊರಬೀಳುತ್ತಾನೆ. ಕುಣಿಕೆಯ ಚಿತ್ರ ಹಾಕುವವನಿಗೆ ಮಾತ್ರ ಹೊಸ ವಿಳಾಸ ಮಾಡಿಕೊಳ್ಳಲು ಎರಡು ನಿಮಿಷ ಸಾಕು.

ಕೊನೆಗೆ ಬಿಲ್ಲೆ ಅಂಟಿಸಿ. ಸಭ್ಯತೆ ಕಡ್ಡಾಯ ಎನ್ನುವವರಿಗೆ ಶೆರಿಫ್‌ನ ನಕ್ಷತ್ರದ ಬಿಲ್ಲೆ, ಏನು ಬೇಕಾದರೂ ನಡೆಯುತ್ತದೆ ಎನ್ನುವವರಿಗೆ ಇನ್ನೊಂದು. ಎಚ್ಚರಿಕೆ: ಬಿಲ್ಲೆ ಅಂಟಿಸಿದ ಕೂಡಲೇ ಉಳಿದ ಭಾಗಗಳು ಕೆಲಸ ನಿಲ್ಲಿಸುತ್ತವೆ. ಏಪ್ರಿಲ್ 9ರಂದು ನ್ಯೂಯಾರ್ಕ್ ಟೈಮ್ಸ್ ಸುದ್ದಿ ಮಾಡಿತು. ಆಮೇಲೆ ಜಗಳ ಬಿಲ್ಲೆಯದೇ. ಇದು ಸೆನ್ಸಾರ್ ಎಂದರು. ನಮಗೆ ನೀತಿ ಹೇಳಲು ನೀನ್ಯಾರು ಎಂದರು. ಕೆಲವರು ಅದನ್ನು ಸಭ್ಯವಾಗಿಯೂ ಹೇಳಿದರು. ತೀರಾ ವಕೀಲಿಕೆಯ ಭಾಷೆಯಾಯಿತು ಎಂಬ ಟೀಕೆಗೆ ಓ'ರೈಲಿಯವರೂ ಸ್ವಲ್ಪ ತಲೆಬಾಗಬೇಕಾಯಿತು.

ಸಾಧನ ಕೆಲಸ ಮಾಡದಿದ್ದರೆ

ಸಹಿ ಹಾಕಬೇಕಾದವರು ಹಾಕುತ್ತಿಲ್ಲ: ದೋಷವಲ್ಲ, ವಿನ್ಯಾಸವೇ ಹಾಗೆ. ಮೊದಲು ಸಹಿ ಹಾಕುವವರು ಯಾರಿಗೂ ಒಂದು ಕೆಟ್ಟ ಮಾತು ಬರೆಯದವರು.

ಜೋಡಣೆ ಮುಗಿದ ಮೇಲೆ ಒಂದು ಬಿಡಿಭಾಗ ಮಿಕ್ಕಿದೆ: ಪೆಟ್ಟಿಗೆಗೆ ವಾಪಸು ಹಾಕಿ. ಬಿಲ್ಲೆಯ ಚರ್ಚೆ ಕಾವೇರಿದ ಅದೇ ಏಪ್ರಿಲ್‌ನಲ್ಲಿ ಸಿಯೆರಾ ಬ್ಲಾಗ್ ಬರೆಯುವುದನ್ನು ನಿಲ್ಲಿಸಿದರು. ಸಂಹಿತೆಯ ಯಾವ ಕಲಮಿಗೂ ಆಕೆಯನ್ನು ಜೋಡಿಸುವ ತಿರುಪು ಇರಲಿಲ್ಲ. ಕೊಲೆ ಬೆದರಿಕೆ ಅಪರಾಧ ಎಂದು ಕಾನೂನು ಮೊದಲೇ ಹೇಳಿತ್ತು. ಬೇಕಾಗಿದ್ದದ್ದು ಬೆದರಿಸಿದವನನ್ನು ಹುಡುಕುವ ಕೈ.

ಭಾರತದ ಬಳಕೆದಾರರಿಗೆ

ಇಲ್ಲಿ ಸ್ವಯಂಪ್ರೇರಣೆಯೊಂದನ್ನೇ ನಂಬಿ ಕೂರದ ಇನ್ನೊಂದು ಮಾದರಿ ಸಿಗುತ್ತದೆ. ದುಡ್ಡು ಪಡೆದು ಹೊಗಳಿದರೆ ಅದು ಜಾಹೀರಾತು ಎಂದು ತಿಳಿಸಿ ಎಂದು ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಹೇಳಿತು. ಅದರ ಬೆನ್ನಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ: ದಾರಿತಪ್ಪಿಸುವ ಪ್ರಚಾರಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಬಿಲ್ಲೆ ಇಲ್ಲ, ವಿಕಿ ಇಲ್ಲ. ಫೇಸ್‌ಕ್ರೀಮಿನ ಹೊಗಳಿಕೆಯನ್ನು ಇದು ನೋಡಿಕೊಳ್ಳುತ್ತದೆ. ಕುಣಿಕೆಯ ಚಿತ್ರ ಇದರ ವಾರಂಟಿಯಲ್ಲಿ ಬರುವುದಿಲ್ಲ.