ಟ್ರಾಲಿಗೆ ಮತವಿಲ್ಲ

ಯುರೋಪಿಯನ್ ಒಕ್ಕೂಟದಲ್ಲಿ 2008ರಲ್ಲಿ 27 ದೇಶಗಳಿದ್ದವು. ಅವುಗಳಲ್ಲಿ 26 ದೇಶಗಳ ಜನ ಒಕ್ಕೂಟದ ಆಡಳಿತ ನಿಯಮಗಳನ್ನು ತಿದ್ದುವ ಲಿಸ್ಬನ್ ಒಪ್ಪಂದದ ಹೆಸರು ಕೇಳಿ, ಆಕಳಿಸಿ, ಮಗ್ಗುಲು ಬದಲಿಸಿದರು. ಅವರ ಪರವಾಗಿ ಅವರ ಸಂಸತ್ತುಗಳು ಕೈಯೆತ್ತಿದವು. ಐರ್ಲೆಂಡಿನವರಿಗೆ ಮಾತ್ರ ಆ ಸುಖ ದಕ್ಕಲಿಲ್ಲ. ರೇಮಂಡ್ ಕ್ರಾಟಿ ಎಂಬ ಅರ್ಥಶಾಸ್ತ್ರಜ್ಞರು 1987ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ವಿರುದ್ಧ ಗೆದ್ದು ಕೂತಿದ್ದರು. ತೀರ್ಪು ಇಷ್ಟೇ: ದೇಶದ ಪರಮಾಧಿಕಾರಕ್ಕೆ ಕೈಹಾಕುವ ಯುರೋಪಿನ ಒಪ್ಪಂದ ಬಂದರೆ ಸಂವಿಧಾನ ತಿದ್ದಬೇಕು, ಸಂವಿಧಾನ ತಿದ್ದಬೇಕಾದರೆ ಜನರನ್ನೇ ಕೇಳಬೇಕು. ಹೀಗಾಗಿ ಅರ್ಧ ಶತಕೋಟಿ ಯುರೋಪಿಯನ್ನರ ಹಣೆಬರಹ ಬರೆಯುವ ಭಾರ ಐರಿಷ್ ಮತದಾರನ ತಲೆ ಮೇಲೆ ಬಿತ್ತು.

ಭಾರವೆಂದರೆ ನಿಜವಾದ ಭಾರವೇ. ಒಪ್ಪಂದ 250 ಪುಟಗಳಿಗೂ ಹೆಚ್ಚು. ಅದರಲ್ಲಿ ಬಹುಪಾಲು ‘ಇಂಥ ವಿಧಿಯ ಇಂಥ ಸಾಲಿನಲ್ಲಿ ಈ ಪದ ತೆಗೆದು ಆ ಪದ ಸೇರಿಸತಕ್ಕದ್ದು’ ಎಂಬ ಧಾಟಿಯದು. ಇದಕ್ಕೂ ಕಾರಣವಿತ್ತು. 2005ರಲ್ಲಿ ‘ಯುರೋಪಿನ ಸಂವಿಧಾನ’ ಅಂತ ಸ್ವಲ್ಪ ಅರ್ಥವಾಗುವಂತೆ ಬರೆದು ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಜನರ ಮುಂದಿಟ್ಟಾಗ, ಅವರು ಓದಿ ತಿರಸ್ಕರಿಸಿದ್ದರು. ಅದೇ ಸರಕಿನ ಬಹುಪಾಲನ್ನು ಮತ್ತೆ ತರುವಾಗ ಓದಲು ಬಾರದಂತೆ ಬರೆಯಬೇಕೆಂಬ ಪಾಠ ಕಲಿಯದಿದ್ದರೆ ಅವರೆಂಥ ರಾಜತಂತ್ರಜ್ಞರು?

‘ಹೌದು’ ಪಕ್ಷದ ಸೇನಾನಿ ಪ್ರಧಾನಿ ಬ್ರಯನ್ ಕೋವನ್, ತಾವೇ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿಲ್ಲವೆಂದು ಒಪ್ಪಿಕೊಂಡರು. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿದ್ದ ಐರಿಷ್ ಕಮಿಷನರ್ ಚಾರ್ಲಿ ಮೆಕ್ರೀವಿ ಇನ್ನೂ ಪ್ರಾಮಾಣಿಕರು: ತಾವೂ ಪೂರ್ತಿ ಓದಿಲ್ಲ, ತಲೆ ನೆಟ್ಟಗಿರುವವರು ಯಾರೂ ಓದುವುದೂ ಇಲ್ಲ ಎಂಬರ್ಥದ ಮಾತಾಡಿದರು. ‘ಇಲ್ಲ’ ಪಕ್ಷಕ್ಕೆ ಇದಕ್ಕಿಂತ ಭರ್ಜರಿ ಪ್ರಚಾರ ಬೇಕಿತ್ತೇ? ಗೊತ್ತಿಲ್ಲದಿದ್ದರೆ ಬೇಡವೆನ್ನಿ ಎಂದು ಅವರು ಕೂಗಿದರು. ಓದದವರು ಓದದವರಿಗೆ ಓದದ್ದರ ಕುರಿತು ಉಪನ್ಯಾಸ ಕೊಡುವ ಈ ಪದ್ಧತಿಗೆ ರಾಜ್ಯಶಾಸ್ತ್ರದಲ್ಲಿ ಸಾರ್ವಜನಿಕ ಚರ್ಚೆ ಎನ್ನುತ್ತಾರೆ.

‘ಇಲ್ಲ’ ಎನ್ನುವವರ ಬಿಡಾರದಲ್ಲಿ ಎಲ್ಲರಿಗೂ ಜಾಗವಿತ್ತು. ಬಂಡವಾಳ ಕಂಡರಾಗದ ಸಮಾಜವಾದಿ ಜೋ ಹಿಗ್ಗಿನ್ಸ್, ಬಂಡವಾಳವೇ ಆಗಿದ್ದ ಉದ್ಯಮಿ ಡೆಕ್ಲನ್ ಗ್ಯಾನ್ಲಿ ಇಬ್ಬರೂ ಅಲ್ಲಿದ್ದರು. ಎಡಪಂಥೀಯರು ಹುಡುಕಿ ತೆಗೆದ ದೊಡ್ಡ ಗುಮ್ಮ ಆರೋಗ್ಯದ್ದು. ಆರೋಗ್ಯ ಸೇವೆಗಳ ಅಂತರರಾಷ್ಟ್ರೀಯ ವ್ಯಾಪಾರದ ವಿಷಯದಲ್ಲಿ ಐರ್ಲೆಂಡಿಗಿದ್ದ ವೀಟೋ ಹೋಗುತ್ತದೆ, ಬಹುರಾಷ್ಟ್ರೀಯ ಕಂಪನಿಗಳು ಬಂದು ಆಸ್ಪತ್ರೆಗಳನ್ನು ನುಂಗುತ್ತವೆ ಎಂದರು. ಸರ್ಕಾರದವರು ಅದೇ ವಿಧಿಯ ಬಾಲ ತೋರಿಸಿದರು: ದೇಶದ ಆರೋಗ್ಯ ವ್ಯವಸ್ಥೆಯೇ ಗಂಭೀರವಾಗಿ ಅಲುಗಾಡುವಂತಿದ್ದರೆ ವೀಟೋ ಉಳಿಯುತ್ತದೆ. ಅಂದರೆ ಅಲುಗಾಡಿಸಲು ಅಡ್ಡಿಯಿಲ್ಲ, ಗಂಭೀರವಾಗಿ ಅಲುಗಾಡಿಸಬಾರದು. ಈ ಒಂದು ಕ್ರಿಯಾವಿಶೇಷಣದ ಸುತ್ತ ಟೀವಿಯಲ್ಲಿ, ಪಬ್ಬಿನಲ್ಲಿ ಯುದ್ಧ ನಡೆಯಿತು.

ಅತ್ತ ಆಸ್ಪತ್ರೆಯಲ್ಲಿ ಏನು ನಡೆಯುತ್ತಿತ್ತು?

ಬ್ರಸೆಲ್ಸ್ ಬಂದು ಖಾಸಗೀಕರಣ ಮಾಡೀತೆಂದು ಕಾಯುವಷ್ಟು ಸೋಮಾರಿಗಳಾಗಿರಲಿಲ್ಲ ಡಬ್ಲಿನ್‌ನವರು. ಉಪಪ್ರಧಾನಿಯಾಗಿದ್ದ ಮೇರಿ ಹಾರ್ನಿ 2000ದಲ್ಲೇ, ಐರ್ಲೆಂಡ್ ಮನಸ್ಸಿನಿಂದ ಬರ್ಲಿನ್‌ಗಿಂತ ಬಾಸ್ಟನ್‌ಗೆ, ಅಂದರೆ ಯುರೋಪಿನ ಕಲ್ಯಾಣ ರಾಜ್ಯಕ್ಕಿಂತ ಅಮೆರಿಕದ ಮಾರುಕಟ್ಟೆಗೆ, ಹತ್ತಿರ ಎಂದು ಅಮೆರಿಕದ ವಕೀಲರ ಮುಂದೆ ಹೆಮ್ಮೆಪಟ್ಟಿದ್ದರು. ಖಾಸಗಿ ಆಸ್ಪತ್ರೆ ಕಟ್ಟುವವರಿಗೆ ಹಣಕಾಸು ಕಾಯ್ದೆಯ ಮೂಲಕ ತೆರಿಗೆ ರಿಯಾಯಿತಿ ಸಿಕ್ಕಿತು. ಕೊಟ್ಟ ಹಣಕಾಸು ಮಂತ್ರಿ ಯಾರು? ಇದೇ ಮೆಕ್ರೀವಿ. ಒಪ್ಪಂದ ಪೂರ್ತಿ ಓದದ ಪುಣ್ಯಾತ್ಮರು ಹಣಕಾಸು ಕಾಯ್ದೆಯನ್ನು ಮಾತ್ರ ಚೆನ್ನಾಗಿಯೇ ಬರೆಸಿದ್ದರು. 2002ರಲ್ಲಿ ಒಂದು ನಿಧಿ ಹುಟ್ಟಿತು: ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿ ಕಾದು ಸೋತವರಿಗೆ ಸರ್ಕಾರವೇ ದುಡ್ಡು ಕೊಟ್ಟು ಖಾಸಗಿಯಲ್ಲಿ ಚಿಕಿತ್ಸೆ ಕೊಡಿಸುವುದು. ಸರದಿ ಉದ್ದವಾದಷ್ಟೂ ಖಾಸಗಿಗೆ ಗಿರಾಕಿ ಹೆಚ್ಚು.

ಹಾರ್ನಿ 2004ರಲ್ಲಿ ಆರೋಗ್ಯ ಮಂತ್ರಿಯಾದರು. ಮರುವರ್ಷವೇ ಕೋ-ಲೊಕೇಶನ್ ಯೋಜನೆ ಬಂತು. ಸರ್ಕಾರಿ ಆಸ್ಪತ್ರೆಯ ಅಂಗಳದಲ್ಲೇ ಖಾಸಗಿಯವರು ಆಸ್ಪತ್ರೆ ಕಟ್ಟುತ್ತಾರೆ, ಜಾಗ ಸರ್ಕಾರದ್ದು, ತೆರಿಗೆ ರಿಯಾಯಿತಿಯೂ ಸರ್ಕಾರದ್ದು, ಲಾಭ ಮಾತ್ರ ಅವರದ್ದು. ಹಣವಂತ ರೋಗಿಗಳು ಕಾಂಪೌಂಡಿನ ಆ ಬದಿಗೆ ಹೋದರೆ ಈ ಬದಿಯಲ್ಲಿ 1,000 ಹಾಸಿಗೆ ಖಾಲಿಯಾಗುತ್ತದಂತೆ. ಸರ್ಕಾರಿ ಆಸ್ಪತ್ರೆಗೆ ಹಾಸಿಗೆ ಬೇಕಿದ್ದರೆ ಹಾಸಿಗೆ ಕೊಳ್ಳಬಹುದಲ್ಲ ಎಂಬ ಹಳ್ಳಿಗಮಾರನ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಉತ್ತರವಿಲ್ಲ.

ಹಾಸಿಗೆ ಬರುವವರೆಗೆ ಟ್ರಾಲಿ ಇತ್ತು. ತುರ್ತು ಚಿಕಿತ್ಸೆಗೆ ಬಂದವರು ಕಾರಿಡಾರಿನ ಟ್ರಾಲಿಗಳ ಮೇಲೆ ಮಲಗಿರುತ್ತಿದ್ದರು. ನರ್ಸುಗಳ ಸಂಘ ದಿನವೂ ತಲೆ ಎಣಿಸಿ ಪ್ರಕಟಿಸುತ್ತಿತ್ತು. 2006ರ ಮಾರ್ಚಿನಲ್ಲಿ ಎಣಿಕೆ 495 ಮುಟ್ಟಿದಾಗ ಹಾರ್ನಿಯವರೇ ಇದನ್ನು ರಾಷ್ಟ್ರೀಯ ತುರ್ತು ಪರಿಸ್ಥಿತಿ ಎಂದು ಸಾರಿದರು. ಆ ಟ್ರಾಲಿ ತಳ್ಳುತ್ತಿದ್ದವರಲ್ಲಿ ಕೇರಳದ, ನಮ್ಮ ಮಂಗಳೂರು ಕಡೆಯ ನರ್ಸಮ್ಮಂದಿರೂ ಇದ್ದರು. ಜನಮತಗಣನೆಯಲ್ಲಿ ಮತ ಐರಿಷ್ ಪೌರರಿಗೆ ಮಾತ್ರ. ಹಾಗಾಗಿ ಪೌರತ್ವ ಸಿಗದ ನರ್ಸಿಗೆ ಒಪ್ಪಂದದ ಬಗ್ಗೆ ಹೇಳುವ ಹಕ್ಕಿರಲಿಲ್ಲ. ಟ್ರಾಲಿ ಮೇಲಿದ್ದ ಪೌರನಿಗೆ ಟ್ರಾಲಿಯ ಬಗ್ಗೆ ಹೇಳುವ ಹಕ್ಕಿರಲಿಲ್ಲ. ಜನಸಂಖ್ಯೆಯ ಸುಮಾರು ಅರ್ಧದಷ್ಟು ಮಂದಿ ಖಾಸಗಿ ವಿಮೆ ಮಾಡಿಸಿಕೊಂಡು ತಮ್ಮ ಮತವನ್ನು ಪ್ರೀಮಿಯಂ ರೂಪದಲ್ಲಿ ಆಗಲೇ ಚಲಾಯಿಸಿದ್ದರು.

ತೆರಿಗೆ ರಿಯಾಯಿತಿಗೆ ಜನಮತಗಣನೆ ನಡೆಯಲಿಲ್ಲ, ಕೋ-ಲೊಕೇಶನ್‌ಗೂ ನಡೆಯಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತೆ, ಡಬ್ಲಿನ್‌ನ ರೋಗಕ್ಕೆ ಬ್ರಸೆಲ್ಸ್‌ಗೆ ಬರೆ ಎಳೆಯಲಷ್ಟೇ ಜನರಿಗೆ ಅವಕಾಶವಿತ್ತು. 2008ರ ಜೂನ್ 12ರಂದು ಶೇಕಡಾ 53.4 ಮಂದಿ ‘ಇಲ್ಲ’ ಎಂದು ಚೆನ್ನಾಗಿಯೇ ಎಳೆದರು.

ಸರ್ಕಾರ ಜನರ ತೀರ್ಪಿಗೆ ತಲೆಬಾಗಿತು. ತಲೆಬಾಗಿದ ಭಂಗಿಯಲ್ಲೇ ಬೇರೆ ಕೆಲಸಗಳನ್ನೂ ಮಾಡಿತು. ಸೆಪ್ಟೆಂಬರ್ ಕೊನೆಯಲ್ಲಿ ಒಂದೇ ರಾತ್ರಿ ಬ್ಯಾಂಕುಗಳ 400 ಬಿಲಿಯನ್ ಯೂರೋಗೂ ಮೀರಿದ ಹೊಣೆಗೆ ಖಾತರಿ ಕೊಟ್ಟಿತು. ಅಕ್ಟೋಬರಿನ ಬಜೆಟ್ಟಿನಲ್ಲಿ 70 ದಾಟಿದ ಎಲ್ಲರಿಗೂ ಇದ್ದ ಉಚಿತ ಚಿಕಿತ್ಸೆಯ ಮೆಡಿಕಲ್ ಕಾರ್ಡನ್ನು ಕಿತ್ತುಕೊಂಡು ಆದಾಯದ ಲೆಕ್ಕ ಕೇಳಿತು. ಬ್ಯಾಂಕಿನ ಆದಾಯ ಕೇಳದವರು ಅಜ್ಜಿಯ ಆದಾಯ ಕೇಳಿದಾಗ ಅಜ್ಜಅಜ್ಜಿಯರು ಸಾವಿರಾರು ಸಂಖ್ಯೆಯಲ್ಲಿ ಸಂಸತ್ತಿನ ಮುಂದೆ ಬಂದು ನಿಂತರು. ಸರ್ಕಾರ ಮಿತಿ ಸಡಿಲಿಸಬೇಕಾಯಿತು.

ಇತ್ತ ಬ್ರಸೆಲ್ಸ್ ಐರಿಷ್ ಮತದಾರನ ಮುನಿಸು ತಣಿಸಲು ಕೂತಿತು. 2009ರ ಜೂನ್‌ನಲ್ಲಿ ಭರವಸೆಗಳ ಕಟ್ಟು ಬಂತು: ಗರ್ಭಪಾತ, ತೆರಿಗೆ, ತಟಸ್ಥ ನೀತಿ ಯಾವುದಕ್ಕೂ ಧಕ್ಕೆಯಿಲ್ಲ. ಜೊತೆಗೊಂದು ಗಂಭೀರ ಘೋಷಣೆ: ಶಿಕ್ಷಣ ಮತ್ತು ಆರೋಗ್ಯ ಸೇವೆ ಒದಗಿಸುವ ಹೊಣೆ ಆಯಾ ದೇಶದ್ದೇ. ಅಂದರೆ, ನಿಮ್ಮ ಆಸ್ಪತ್ರೆಗಳನ್ನು ಹಾಳುಮಾಡುವ ಹಕ್ಕನ್ನು ನಾವು ಕಸಿಯುವುದಿಲ್ಲ, ಅದು ಎಂದೆಂದಿಗೂ ನಿಮ್ಮ ಸರ್ಕಾರದ್ದೇ! ಇಂಥ ಭರವಸೆಗೆ ಸರ್ಕಾರ ಸಂಭ್ರಮಪಟ್ಟದ್ದರಲ್ಲಿ ತಪ್ಪೇನೂ ಇಲ್ಲ.

ಒಪ್ಪಂದದ ಒಂದಕ್ಷರ ಬದಲಾಗದೆ ಎರಡನೇ ಮತದಾನ ಬಂತು. 2001ರಲ್ಲಿ ಒಕ್ಕೂಟದ ಹಿಂದಿನ ನೀಸ್ ಒಪ್ಪಂದಕ್ಕೆ ‘ಇಲ್ಲ’ ಎಂದವರನ್ನು 2002ರಲ್ಲಿ ಮತ್ತೆ ಕೇಳಿ ‘ಹೌದು’ ಹೇಳಿಸಿದ್ದ ಅನುಭವ ಇತ್ತಲ್ಲ. ಒಂದು ಕಂಬದಲ್ಲಿ ‘ಲಿಸ್ಬನ್ ಆದಮೇಲೆ ಕನಿಷ್ಠ ಕೂಲಿ 1.84 ಯೂರೋ?’ ಎಂಬ ಪೋಸ್ಟರ್. ಆಗ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 8.65. ಸುಳ್ಳಿನ ಜವಾಬ್ದಾರಿಯೆಲ್ಲ ಆ ಪ್ರಶ್ನಾರ್ಥಕ ಚಿಹ್ನೆಯದು. ಪಕ್ಕದ ಕಂಬದಲ್ಲಿ ‘ಹೌದು ಎನ್ನಿ, ಕೆಲಸ ಬರುತ್ತದೆ’ ಎಂಬ ಪೋಸ್ಟರ್. ಅದಕ್ಕೆ ಪ್ರಶ್ನಾರ್ಥಕ ಚಿಹ್ನೆಯ ಸಂಕೋಚವೂ ಇರಲಿಲ್ಲ. ಅಕ್ಟೋಬರ್ 2ರಂದು ಶೇಕಡಾ 67.1 ಮಂದಿ ‘ಹೌದು’ ಎಂದರು. ಮರುವರ್ಷ ನವೆಂಬರಿನಲ್ಲಿ ಬಂದದ್ದು ಕೆಲಸವಲ್ಲ, ಸಾಲ ಹೊತ್ತ ಐಎಂಎಫ್. 2011ರಲ್ಲಿ ನಿರುದ್ಯೋಗ ಶೇಕಡಾ 14 ದಾಟಿತು.

ಇನ್ನು ಆ ಕೋ-ಲೊಕೇಶನ್ ಆಸ್ಪತ್ರೆಗಳು? ಒಂದೂ ಏಳಲಿಲ್ಲ. ಜನರ ‘ಇಲ್ಲ’ ಅದನ್ನು ತಡೆದದ್ದಲ್ಲ, ಬ್ರಸೆಲ್ಸ್‌ನ ಗಂಭೀರ ಘೋಷಣೆಯೂ ಅಲ್ಲ. ಸಾಲ ಕೊಡಬೇಕಿದ್ದ ಬ್ಯಾಂಕುಗಳು ತಾವೇ ಐಸಿಯು ಸೇರಿದ್ದವು. ಅವು ಟ್ರಾಲಿಯಲ್ಲಿ ಒಂದು ರಾತ್ರಿಯೂ ಕಾಯಲಿಲ್ಲ ಎಂಬುದನ್ನು ದಾಖಲಿಸಬೇಕು.

ಆದ್ದರಿಂದ ಐರಿಷ್ ರೋಗಿಗಳಿಗೊಂದು ಬಿಟ್ಟಿ ಸಲಹೆ. ಆಸ್ಪತ್ರೆಯ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಯಾರಾದರೂ ಕೇಳಬೇಕೆಂಬ ಆಸೆಯಿದ್ದರೆ, ಟ್ರಾಲಿಯ ವಿಷಯವನ್ನು ಹೇಗಾದರೂ ಮಾಡಿ ಯುರೋಪಿನ ಒಂದು ಒಪ್ಪಂದದೊಳಗೆ ತುರುಕಿಸಿ. ಆಗ ಕೇಳಿಯೇ ಕೇಳುತ್ತಾರೆ. ಉತ್ತರ ಹಿಡಿಸದಿದ್ದರೆ ಇನ್ನೊಮ್ಮೆಯೂ ಕೇಳುತ್ತಾರೆ.