ಮಗುವಿಗೂ ಒಂದು ಪೋಡಿ ಮಾಡಿಸಿ

2008ರಲ್ಲಿ ದೇವನಹಳ್ಳಿಗೆ ವಿಮಾನ ಬಂದಿಳಿದ ಮೇಲೆ ಬೆಂಗಳೂರು ಗ್ರಾಮಾಂತರದ ಗಂಡಸರಿಗೆ ಎಲ್ಲವೂ ಗುಂಟೆ ಲೆಕ್ಕದಲ್ಲೇ ಹೊಳೆಯುತ್ತದೆ. ಜಮೀನು ಭಾಗವಾಯಿತು, ಸೈಟು ಭಾಗವಾಯಿತು. ಸಂಸಾರ ಮುರಿದರೆ ಸರ್ವೆಯವರನ್ನು ಕರೆಸಿ ಮಗುವಿಗೆ ಸರಪಳಿ ಹಿಡಿಸುವುದೊಂದು ಬಾಕಿ. ಅಂಥ ಒಬ್ಬ ಸೈಟು ವ್ಯಾಪಾರಿಯನ್ನು ಊಹಿಸಿಕೊಳ್ಳಿ. ಕಷ್ಟವೇನಿಲ್ಲ, ಹೊಸಕೋಟೆಯ ನಸುಕಿನ ಬಿರಿಯಾನಿ ಸಾಲಿನಲ್ಲಿ ನಿಮ್ಮ ಮುಂದೆಯೇ ನಿಂತಿರುತ್ತಾನೆ. ವಕೀಲರನ್ನು ಕೇಳುತ್ತಾನೆ: "ಸಾರ್, ವಾರ ಬಿಟ್ಟು ವಾರ ಶುಕ್ರವಾರ ಸಂಜೆ ಬಂದು ಭಾನುವಾರ ಹೋಗ್ತಾನೆ ಮಗ. ಆ ಎರಡು ರಾತ್ರಿದು ಜೀವನಾಂಶದಾಗೆ ಮುರ್ಕೊಬೌದಲ್ವಾ?"

ಈ ಜ್ಞಾನೋದಯ ಮಾಡಿಸಿದವನು ಇಂಗ್ಲೆಂಡಿನಲ್ಲಿರುವ ಷಡ್ಡಕ. ಅಲ್ಲಿ ಸರ್ಕಾರವೇ ರಾತ್ರಿ ಎಣಿಸುತ್ತದೆ. ಮಗು ವರ್ಷಕ್ಕೆ 52ರಿಂದ 103 ರಾತ್ರಿ ಅಪ್ಪನ ಮನೆಯಲ್ಲಿ ಮಲಗಿದರೆ ಅವನು ಕೊಡಬೇಕಾದ ಹಣದಲ್ಲಿ ಏಳನೇ ಒಂದು ಪಾಲು ಕಡಿತ, 104 ಮುಟ್ಟಿದರೆ ಏಳನೇ ಎರಡು, ಹೀಗೇ ಏರುತ್ತಾ 175 ಮುಟ್ಟಿದರೆ ಅರ್ಧ. ನಮ್ಮವನು ಬೆರಳು ಮಡಚಿದ: 26 ವಾರಾಂತ್ಯ, ಎರಡೆರಡು ರಾತ್ರಿ, ಒಟ್ಟು 52. ಸರಿಯಾಗಿ ಗೆರೆ ಮುಟ್ಟಿತು! ತಿಂಗಳಿಗೆ 14,000 ಕೊಡುವ ಕಡೆ 2,000 ಉಳಿತಾಯ. ಒಂದು ವಾರ ಮಗನಿಗೆ ಜ್ವರ ಬಂದು ಬರದೇ ಹೋದರೆ ಲೆಕ್ಕ 50ಕ್ಕೆ ಇಳಿಯುತ್ತದೆ ಎಂಬುದೊಂದೇ ಅವನ ಚಿಂತೆ. ಜ್ವರದ ಚಿಂತೆ ತಾಯಿಯದು.

ನಮ್ಮ ಕಾನೂನಿನಲ್ಲಿ ಇಂಥ ಮೀಟರು ಇಲ್ಲ. ಹಳೆಯ ಸಿಆರ್‌ಪಿಸಿ 125ನೇ ಕಲಂ, 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 144, ಕೇಳುವುದು ಒಂದೇ ಮಾತು: ನಿನಗೆ ಶಕ್ತಿಯಿದೆಯಾ, ಇದ್ದೂ ಮಗುವನ್ನು ನಿರ್ಲಕ್ಷಿಸಿದ್ದೀಯಾ? (ತಿಂಗಳಿಗೆ 500 ರೂಪಾಯಿ ಮೀರುವಂತಿಲ್ಲ ಎಂಬ ಮಿತಿ 2001ರವರೆಗೂ ಇತ್ತು. ಅದು ನಮ್ಮವನ ಪಾಲಿನ ರಾಮರಾಜ್ಯ.)

ಹಾಗಾದರೆ ಸಮಪಾಲು ಎಂಬುದೇ ಇಲ್ಲವೇ? ಇದೆ. 2013ರಲ್ಲಿ ನಮ್ಮ ಹೈಕೋರ್ಟೇ ಒಂದು ಪ್ರಕರಣದಲ್ಲಿ ಜಂಟಿ ಸುಪರ್ದಿ ಕೊಟ್ಟಿತು. ಜನವರಿ 1ರಿಂದ ಜೂನ್ 30 ಅಪ್ಪನ ಮನೆ, ಜುಲೈ 1ರಿಂದ ಡಿಸೆಂಬರ್ 31 ಅಮ್ಮನ ಮನೆ. ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ. ಓದಿನ ಖರ್ಚು, ಇತರೆ ಖರ್ಚು ಇಬ್ಬರಿಗೂ ಸಮ. ತೀರ್ಪು ರಾತ್ರಿಗೆ ರೇಟು ಕಟ್ಟಲಿಲ್ಲ, ಅದರ ಪುಣ್ಯ. ಆದರೆ ನಮ್ಮ ವ್ಯಾಪಾರಿ ಕ್ಯಾಲೆಂಡರ್ ತೆಗೆದೇ ಬಿಟ್ಟ. ಮೊದಲರ್ಧಕ್ಕೆ 181 ದಿನ, ಎರಡನೆಯದಕ್ಕೆ 184. ಆ ಮೂರು ದಿನದ ಒತ್ತುವರಿ ತೆರವು ಮಾಡಿಸೋದು ಯಾರು? ಜೊತೆಗೆ ಪರೀಕ್ಷೆ, ಶಾಲೆ ಶುರುವಾಗುವ ಹೊತ್ತಿನ ಫೀಸು, ಯೂನಿಫಾರಂ, ಬ್ಯಾಗು ಎಲ್ಲಾ ಅಪ್ಪನ ಹಿಸ್ಸೆಗೇ ಬಿತ್ತು, ದಸರಾ ರಜೆ ಮಾತ್ರ ಅಮ್ಮನಿಗೆ! ಖರ್ಚು ಸಮಪಾಲು ಎಂಬ ಸಾಲು ಅವನ ಕಣ್ಣಿಗೆ ಬೀಳಲೇ ಇಲ್ಲ.

ಕಾನೂನು ಆಯೋಗವೂ 2015ರ ಮೇ ತಿಂಗಳಲ್ಲಿ, ತನ್ನ 257ನೇ ವರದಿಯಲ್ಲಿ, ಜಂಟಿ ಸುಪರ್ದಿಗೆ ಕಾನೂನಿನಲ್ಲೇ ಜಾಗ ಕೊಡಿ ಎಂದಿತ್ತು. ವರದಿ ಕಪಾಟಿನ ಜಂಟಿ ಸುಪರ್ದಿಯಲ್ಲಿದೆ.

ಮುಟ್ಟಿದರೆ ಚುರುಕ್ ಎನ್ನುವ ಜಾಗ ಬೇರೆಯೇ ಇದೆ. ಮಗು ಅಪ್ಪನ ಮನೆಗೆ ಹೋದ ಎರಡು ರಾತ್ರಿಗೆ ಅಮ್ಮನ ಮನೆ ಬಾಡಿಗೆ ಕಮ್ಮಿಯಾಗುವುದಿಲ್ಲ, ಸ್ಕೂಲ್ ವ್ಯಾನಿನವನು ದುಡ್ಡು ವಾಪಸ್ ಕೊಡುವುದಿಲ್ಲ. ದೊಡ್ಡಬಳ್ಳಾಪುರದ ಅಪಾರೆಲ್ ಪಾರ್ಕಿನಲ್ಲಿ ಗಾರ್ಮೆಂಟ್ಸ್ ಹೊಲಿಯುವ ಅಮ್ಮನಿಗೂ ಲೇಔಟ್ ಮಾಡುವ ಅಪ್ಪನಿಗೂ ಖರ್ಚು ಅರ್ಧರ್ಧ ಎಂದರೆ ಅದು ನ್ಯಾಯವಲ್ಲ, ಬರೀ ಭಾಗಾಕಾರ. ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ಇದನ್ನೇ ಹೇಳಿತು: ಮಗುವಿನ ಓದಿನ ಖರ್ಚು ಸಾಮಾನ್ಯವಾಗಿ ತಂದೆಯದು; ತಾಯಿಗೂ ಸಾಕಷ್ಟು ಸಂಪಾದನೆ ಇದ್ದರೆ ಅವರವರ ಆದಾಯಕ್ಕೆ ತಕ್ಕಂತೆ ಹಂಚಿಕೊಳ್ಳಲಿ. ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಹಾಕಲಿ.

ಆ ಅಫಿಡವಿಟ್ಟು ನಮ್ಮ ಜಿಲ್ಲೆಯ ಅತ್ಯುತ್ತಮ ಕಥಾಸಾಹಿತ್ಯ. ಫಾರ್ಚುನರ್ ತಮ್ಮನ ಹೆಸರಿನಲ್ಲಿ, ಲೇಔಟು ತಾಯಿಯ ಖಾತೆಯಲ್ಲಿ, ನೆಲಮಂಗಲದ ಗೋಡೌನ್ ಬಾಡಿಗೆ ಚಿಕ್ಕಪ್ಪನ ಬ್ಯಾಂಕಿಗೆ. ಕಥಾನಾಯಕ ಮಾತ್ರ ಕೂಲಿ, ಮಳೆಯಿಲ್ಲದೆ ಕಂಗಾಲು. ಸ್ವಂತದ್ದೆಂದು ಅವನು ಒಪ್ಪಿಕೊಳ್ಳುವುದು ಆ 52 ರಾತ್ರಿಗಳನ್ನಷ್ಟೇ. ಅವುಗಳಲ್ಲೂ ಎಷ್ಟು ರಾತ್ರಿ ಮಗ ಅಜ್ಜಿಯ ಪಕ್ಕ ಮಲಗಿದ, ಅಪ್ಪ ಎಷ್ಟು ಹೊತ್ತಿಗೆ ಮನೆಗೆ ಬಂದ ಎಂಬ ಕಾಲಂ ಯಾವ ಪಹಣಿಯಲ್ಲೂ ಇಲ್ಲ.

ಮಗನ ಜೊತೆ ಇನ್ನಷ್ಟು ದಿನ ಬೇಕು ಎನ್ನುವ ಅಪ್ಪಂದಿರೂ ಇದ್ದಾರೆ. ಅವರು ವಕೀಲರನ್ನು ಕೇಳುವುದು ದಿನ ಹೆಚ್ಚಾಗುತ್ತಾ ಎಂದು. ಎಷ್ಟು ಕಡಿತ ಎಂದಲ್ಲ. ವ್ಯತ್ಯಾಸ ಮೊದಲ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ.

ಉಳಿದವರಿಗೆ ಒಂದು ಮಾಹಿತಿ. ಆದೇಶವಾದ ಜೀವನಾಂಶವನ್ನು ಸಕಾರಣವಿಲ್ಲದೆ ಕಟ್ಟದಿದ್ದರೆ ವಾರಂಟ್ ಬರುತ್ತದೆ, ಬಾಕಿಯ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. ಅಲ್ಲಿ ಕಳೆದ ರಾತ್ರಿಗಳಿಗೂ ಕಡಿತವಿಲ್ಲ.